ಚಿಕ್ಕಪ್ಪನ ಉಪ್ಪುನೀರಿನ ತೊಟ್ಟಿ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಒಂದಿಬ್ಬರು ಮಿತ್ರರು ಮೇಲ್ ಮಾಡಿ "ಬದುಕಿದ್ದೀಯಾ?" ಅಂತ ಕೇಳಿದ್ದೂ ಆಯಿತು. ಬದುಕಿದ್ದೇನೆ. ಒಂದು ಮೀನಿನ ತೊಟ್ಟಿಯ ಹಿಂದೆ ಬಿದ್ದಿದ್ದೆ, ಅಷ್ಟೆ. ನಾಲ್ಕು ತಿಂಗಳಾಯಿತು, ತೊಟ್ಟಿಯಲ್ಲಿ ಇನ್ನೂ ಒಂದು ಮೀನೂ ಇಲ್ಲ. ನಮ್ಮ ಮನೆಯವರ ಪ್ರಕಾರ ಇದು ಇಡೀ ಬೆಂಗಳೂರಿನಲ್ಲೇ ಅತ್ಯಂತ ದುಬಾರಿಯಾದ ಉಪ್ಪುನೀರು :)

ತೊಟ್ಟಿ ನನ್ನ ಚಿಕ್ಕಪ್ಪನದು. ಮಂಗಳೂರಿನ ಮನೆಯ ಅಟ್ಟದ ಮೇಲೆ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಳೆ ಚಾಪೆ, ತೆಂಗಿನಕಾಯಿಗಳ ನಡುವೆ ಬಿದ್ದಿತ್ತು. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಮಗಳ ಮನೆಗೆ ಹೋಗುವುದೆಂದು ತೀರ್ಮಾನವಾಗಿ, ಅಟ್ಟ ಖಾಲಿ ಮಾಡುವಾಗ ನನಗೆ ಫೋನ್ ಬಂತು. "ಗುಜರಿಯವನಿಗೆ ಕೊಡುವುದು ಅಂತ ಮಾಡಿದ್ದೇನೆ. ನಿನಗೆ ಬೇಕಾದ್ರೆ ತಕೊಂಡು ಹೋಗು ಮಾರಾಯ." ಹೋದೆ. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಬ್ಬಿಣದ ಆ್ಯಂಗಲ್‌ನ ಚೌಕಟ್ಟು, ಕೈ ಹಾಕಿದರೆ ತುಕ್ಕು ಪದರ ಪದರವಾಗಿ ಕಿತ್ತು ಬರುತ್ತಿತ್ತು. ಗಾಜಿಗೂ ಚೌಕಟ್ಟಿಗೂ ನಡುವೆ ಕಲ್ಲಿನಂತೆ ಗಟ್ಟಿಯಾದ ಪುಟ್ಟಿ. ತಳದಲ್ಲಿ ಮರಳು, ಮರಳಿನ ಕೆಳಗೆ ತೂತು ತೂತಾದ ಒಂದು ಪ್ಲಾಸ್ಟಿಕ್ ಹಲಗೆ, ಮೂರು ಬಿಳಿ ಹವಳದ ತುಂಡು. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ನೂರು ಪುಟದ ನೋಟ್‌ಬುಕ್.

ಆ ನೋಟ್‌ಬುಕ್ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಚಿಕ್ಕಪ್ಪ ಬ್ಯಾಂಕಿನಲ್ಲಿದ್ದವರು. ಲೆಕ್ಕ ಬರೆಯದೆ ಅವರಿಗೆ ಯಾವ ಕೆಲಸವೂ ಮಾಡಿದಂತೆ ಅನಿಸುತ್ತಿರಲಿಲ್ಲ. 1989ರ ಜನವರಿಯಲ್ಲಿ ತೊಟ್ಟಿ ಶುರು ಮಾಡಿದ್ದಾರೆ. ಪಣಂಬೂರು ಕಡಲತೀರದಿಂದ ಸ್ಕೂಟರಿನಲ್ಲಿ ಕ್ಯಾನ್‌ಗಟ್ಟಲೆ ನೀರು, ಕಾಪುವಿನ ಬಂಡೆ ಹೊಂಡಗಳಿಂದ ಪಟ್ಟೆ ಪಟ್ಟೆಯ ಮೀನು, ಶಂಖದೊಳಗೆ ಅವಿತಿರುವ ಏಡಿ. ಒಂದೆರಡು ಸಾಲು ಹಾಗೇ ಕೊಡುತ್ತೇನೆ:

"ಫೆ. 12, ಭಾನು. ಎಲ್ಲಾ ಮರಳು ತೆಗೆದು ನಲ್ಲಿ ನೀರಲ್ಲಿ ಮೂರು ಸಲ ತೊಳೆದೆ. ನೀರು ಕನ್ನಡಿಯ ಹಾಗೆ."

"ಫೆ. 14, ಮಂಗಳ. ಪಟ್ಟೆ ಮೀನು 2 ಹೋದವು."

"ಮಾ. 5, ಭಾನು. ಅಶುದ್ಧತೆಯೇ ಕಾರಣ ಇರಬೇಕು. ಹಲಗೆಯನ್ನೂ ಬ್ರಷ್ ಹಾಕಿ ಉಜ್ಜಿದೆ."

"ಮಾ. 8, ಬುಧ. ಉಳಿದದ್ದು 1."

ಹೀಗೇ ಪುಟ ಪುಟ. ಹೊಸ ಮೀನು ತಂದದ್ದು, ತೊಳೆದದ್ದು, ಸತ್ತದ್ದು. ಕೊನೆಯ ಸಾಲು ಜುಲೈ 9ರದ್ದು: "ತೊಟ್ಟಿ ಖಾಲಿ ಮಾಡಿದೆ. ನನ್ನಿಂದ ಆಗುವ ಕೆಲಸ ಅಲ್ಲ." ಆಮೇಲೆ ಚಿಕ್ಕಪ್ಪ ಮನೆಯಲ್ಲಿ ಒಂದು ಗಿಳಿಯನ್ನೂ ಸಾಕಲಿಲ್ಲ. ನಾವು ಮಕ್ಕಳು ಬೆಕ್ಕಿನ ಮರಿ ತಂದರೆ "ಬೇಡ, ನನ್ನ ಕೈಗುಣ ಒಳ್ಳೆಯದಲ್ಲ" ಅನ್ನುತ್ತಿದ್ದರು. ಆಗ ಅದು ತಮಾಷೆ ಅಂದುಕೊಂಡಿದ್ದೆ.

ಆ ಮೀನುಗಳು ಯಾಕೆ ಸತ್ತವು? ಅಷ್ಟು ಶ್ರದ್ಧೆಯ ಮನುಷ್ಯ, ಅಷ್ಟು ಶುದ್ಧವಾದ ನೀರು. ತೊಟ್ಟಿಯ ಪುಟ್ಟಿ ಕೆರೆಯುತ್ತಾ ಕೆರೆಯುತ್ತಾ ಇದೇ ಪ್ರಶ್ನೆ ತಲೆಯಲ್ಲಿ. ಉತ್ತರ ಹುಡುಕಲು ಹೋದವನು ಸೀದಾ ಹತ್ತೊಂಬತ್ತನೇ ಶತಮಾನದ ಲಂಡನ್ನಿಗೆ ಹೋಗಿ ಬಿದ್ದೆ!

ಕಡಲ ಜೀವಿಗಳನ್ನು ಗಾಜಿನೊಳಗಿಟ್ಟು ನೋಡಿದವರಲ್ಲಿ ಮೊದಲಿಗಳು ಲಂಡನ್ನಿನವಳಲ್ಲ, ಫ್ರಾನ್ಸಿನ ಜನ್ ವಿಲ್‌ಪ್ರೂ-ಪವರ್. ಚಮ್ಮಾರನ ಮಗಳು, ಪ್ಯಾರಿಸ್ಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದವಳು, ಮದುವೆಯಾಗಿ ಸಿಸಿಲಿಯ ಮೆಸ್ಸೀನಾಕ್ಕೆ ಬಂದಳು. 1832ರಲ್ಲಿ ಅಲ್ಲಿ ಗಾಜಿನ ತೊಟ್ಟಿ ಮಾಡಿಸಿ ಆರ್ಗೊನಾಟ್ ಎಂಬ ಆಕ್ಟೋಪಸ್ ಜಾತಿಯ ಜೀವಿಯನ್ನು ಗಮನಿಸಿದಳು. ಅದು ತನ್ನ ಚಿಪ್ಪನ್ನು ಬೇರೆ ಪ್ರಾಣಿಯಿಂದ ಕದಿಯುವುದಿಲ್ಲ, ತಾನೇ ಕಟ್ಟಿಕೊಳ್ಳುತ್ತದೆ ಅಂತ ತೋರಿಸಿಕೊಟ್ಟವಳು ಇವಳೇ. ಆದರೆ ಅವಳ ಮನೆ ಇದ್ದದ್ದು ಕಡಲ ಪಕ್ಕ. ಬೇಕೆಂದಾಗ ಹೊಸ ನೀರು. ಪಣಂಬೂರಿಗೆ ಸ್ಕೂಟರ್ ಓಡಿಸಬೇಕಾದ ಕಷ್ಟ ಇರಲಿಲ್ಲ.

ಕಷ್ಟ ಇದ್ದದ್ದು ಆ್ಯನಾ ಥಿನ್ ಎಂಬಾಕೆಗೆ. ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ದೊಡ್ಡ ಪಾದ್ರಿ. 1846ರಲ್ಲಿ ಆಕೆ ಡೆವನ್ ಕರಾವಳಿಯ ಟಾರ್ಕಿ ಊರಿಗೆ ಹೋದಾಗ ಕಪ್ಪಿನಾಕಾರದ ಚಿಕ್ಕ ಹವಳಗಳನ್ನು ಕಂಡು ಮರುಳಾದಳು. ಅವನ್ನು ಒಂದು ದೊಡ್ಡ ಸ್ಪಂಜಿಗೆ ಸೂಜಿ ದಾರದಿಂದ ಹೊಲಿದು, ಒಂದಕ್ಕೊಂದು ತಾಗದಂತೆ ಮಾಡಿ, ಜಾಡಿಯ ನೀರಿನಲ್ಲಿ ಲಂಡನ್ನಿಗೆ ತಂದಳು. ತಂದದ್ದೇನೋ ಸರಿ, ಕಡಲ ನೀರನ್ನು ದಿನಾ ಎಲ್ಲಿಂದ ತರುವುದು? ಇದ್ದ ನೀರನ್ನೇ ಮತ್ತೆ ಮತ್ತೆ ಬಳಸಬೇಕು. ಅದಕ್ಕೆ ಅವಳು ಕಂಡುಕೊಂಡ ಉಪಾಯ: ತೆರೆದ ಕಿಟಕಿಯ ಎದುರು ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುವುದು. ನಮ್ಮಲ್ಲಿ ಕಾಫಿ ಆರಿಸುವ ಹಾಗೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ.

ಅವಳು ಕಂಡುಕೊಂಡ ಉಪಾಯ ಅಂದೆ. ಸುರಿದದ್ದು ಅವಳಲ್ಲ, ಮನೆಗೆಲಸದ ಹುಡುಗಿ. ಆಯಾಸದ ಕೆಲಸವೇ, ಆದರೆ ಹುಡುಗಿಗೆ ಅದೊಂದು ಆಟದಂತಿತ್ತು ಅಂತ ಆ್ಯನಾ ಬರೆದಿದ್ದಾಳೆ. ಹುಡುಗಿಯ ಹೆಸರು ಬರೆದಿಲ್ಲ. ದಿನಾ ಮುಕ್ಕಾಲು ಗಂಟೆ ನೀರು ಸುರಿಯುವುದು ಆಟವೋ ಅಲ್ಲವೋ ಅಂತ ಆ ಹುಡುಗಿಯನ್ನು ಕೇಳಬೇಕಿತ್ತು. ಇಂದು ನನ್ನ ಮನೆಯಲ್ಲಿ ಗುರ್ ಗುರ್ ಎನ್ನುವ ಏರ್ ಪಂಪ್ ಮಾಡುವ ಕೆಲಸ ಅವಳದು.

1847ರಲ್ಲಿ ಆ್ಯನಾ ಕಡಲ ಪಾಚಿ ಬೆಳೆದ ಕಲ್ಲುಗಳನ್ನು ತರಿಸಿ ಅದೇ ನೀರಿಗೆ ಹಾಕಿದಳು. ಆಮೇಲೆ ಹವಳಗಳು ಸುಧಾರಿಸಿದವು, ಮರಿ ಹಾಕಿದವು, ಸುಮಾರು ಮೂರು ವರ್ಷ ಬದುಕಿದವು. ಪಾಚಿಯಿಂದಲೇ ಹೀಗಾಯಿತು ಅಂತ ಅವಳಿಗನಿಸಿತು. ಪಾಚಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಕಲ್ಲುಗಳಿರಬಹುದೇ ಅಂತ ನನಗನಿಸುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಷ್ಟರಲ್ಲಿ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ದೊಡ್ಡ ಗಾಜಿನ ಹಾಳೆಗಳು ಅಗ್ಗವಾದವು. 1850ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ ಎರಡು ಗೋಲ್ಡ್‌ಫಿಶ್, ಒಂದು ಜಾತಿಯ ನೀರುಗಿಡ, ಕೆಲವು ಬಸವನಹುಳು ಇಷ್ಟನ್ನು ಒಂದೇ ತೊಟ್ಟಿಯಲ್ಲಿಟ್ಟು ಲೇಖನ ಬರೆದ. ಮೀನು ಬಿಟ್ಟ ಇಂಗಾಲಾಮ್ಲ ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ, ಕೊಳೆತ ಎಲೆ ಬಸವನಹುಳುವಿಗೆ. ಸಮತೋಲನ! ಎಷ್ಟು ಚೆಂದದ ಸಿದ್ಧಾಂತ. ನಮ್ಮ ಶಾಲೆಯ ಪಾಠದಲ್ಲೂ ಇದೇ ಇತ್ತಲ್ಲ. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು, ಜನ ಮುಗಿಬಿದ್ದರು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದು ಆ ಹೆಸರನ್ನೇ ಎಲ್ಲರ ಬಾಯಿಗೆ ಹಾಕಿದ. (ಲ್ಯಾಟಿನ್‌ನಲ್ಲಿ ಅಕ್ವೇರಿಯಂ ಅಂದರೆ ದನಗಳು ನೀರು ಕುಡಿಯುವ ಜಾಗವಂತೆ. ನಮ್ಮ ಹಟ್ಟಿಯ ಎದುರಿನ ಮರಿಗೆ!)

ಗಾಸ್ ಮಾಡಿದ ಇನ್ನೊಂದು ಕೆಲಸ ನನ್ನಂಥ ಬೆಂಗಳೂರಿಗನಿಗೆ ತುಂಬಾ ಮುಖ್ಯ. ಕಡಲಿನಿಂದ ದೂರ ಇರುವವರು ಏನು ಮಾಡಬೇಕು? ಬ್ರೈಟನ್ ಹತ್ತಿರದ ಕಡಲ ನೀರಿನ ರಾಸಾಯನಿಕ ವಿಶ್ಲೇಷಣೆಯೊಂದನ್ನು ಇಟ್ಟುಕೊಂಡು ಅವನು ಮನೆಯಲ್ಲೇ ಕಡಲ ನೀರು ಮಾಡುವ ಅಡುಗೆ ಬರೆದ. ನಮ್ಮ ಅಳತೆಗೆ ತಂದರೆ, ಸುಮಾರು ನಾಲ್ಕೂವರೆ ಲೀಟರ್ ನೀರಿಗೆ 100 ಗ್ರಾಂ ಅಡುಗೆ ಉಪ್ಪು, 7 ಗ್ರಾಂ ಎಪ್ಸಮ್ ಉಪ್ಪು, 13 ಗ್ರಾಂ ಮೆಗ್ನೀಷಿಯಂ ಕ್ಲೋರೈಡ್, ಎರಡೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ನಿಜವಾದ ಕಡಲಿಗಿಂತ ಇದು ತುಸು ತೆಳು, ಸುಣ್ಣದಂಶವನ್ನು ಪ್ರಮಾಣ ಕಡಿಮೆಯೆಂದು ಬಿಟ್ಟೇಬಿಟ್ಟಿದ್ದ. ಆದರೂ ಇಂದು ನಾವು ಡಬ್ಬಿಯಲ್ಲಿ ಕೊಳ್ಳುವ ಉಪ್ಪಿನ ಮುತ್ತಜ್ಜ ಇದೇ. ಡಬ್ಬಿಯ ಉಪ್ಪು ಅಮೆರಿಕದಲ್ಲಿ 'ಇನ್‌ಸ್ಟಂಟ್ ಓಷನ್' ಎಂಬ ಹೆಸರಿನಲ್ಲಿ ಬಂದದ್ದು 1964ರಲ್ಲಿ.

ಮುಂದಿನ ಕತೆ ಗೊತ್ತಿರುವಂಥದ್ದೇ. ಹುಚ್ಚು ಹಿಡಿಯಿತು, ಹುಚ್ಚು ಬಿಟ್ಟಿತು. ಲಂಡನ್ನಿನ ನಡುಮನೆಗಳಲ್ಲಿ ತೊಟ್ಟಿಗಳು ಬಂದವು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟು, ಸಮತೋಲನ ತನ್ನಷ್ಟಕ್ಕೇ ಆಗುತ್ತದೆಂದು ನಂಬಿದರು. ನೀರು ಹಸಿರಾಯಿತು, ನಾರಿತು. 1860ರ ದಶಕ ಮುಗಿಯುವ ಹೊತ್ತಿಗೆ ಬಹಳಷ್ಟು ತೊಟ್ಟಿಗಳು ಅಟ್ಟ ಸೇರಿದ್ದವು. ಚಿಕ್ಕಪ್ಪ ಒಬ್ಬರೇ ಅಲ್ಲ ಅಂತ ಓದಿ ಸಮಾಧಾನವಾಯಿತು.

ಇನ್ನೊಂದು ನಷ್ಟವೂ ಆಯಿತು, ಅದು ಅಟ್ಟ ಸೇರುವಂಥದ್ದಲ್ಲ. ಗಾಸ್‌ನ ಪುಸ್ತಕ ಓದಿದವರು ಬುಟ್ಟಿ, ಸುತ್ತಿಗೆ ಹಿಡಿದು ಡೆವನ್ನಿನ ಬಂಡೆ ಹೊಂಡಗಳಿಗೆ ನುಗ್ಗಿ ಎಲ್ಲವನ್ನೂ ಕಿತ್ತುಕೊಂಡು ಹೋದರು. ಆ ಹೊಂಡಗಳು ಬರಿದಾದದ್ದನ್ನೂ ಅದರಿಂದ ಅಪ್ಪನಿಗಾದ ಸಂಕಟವನ್ನೂ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬಂದ 'ಫಾದರ್ ಆ್ಯಂಡ್ ಸನ್' ಪುಸ್ತಕದಲ್ಲಿ ಬರೆದಿದ್ದಾನೆ. ಪ್ರೀತಿಯಿಂದ ಬರೆದ ಪುಸ್ತಕವೇ ಪ್ರೀತಿಸಿದ ಜಾಗವನ್ನು ಹಾಳು ಮಾಡಿದ್ದು. ಇದನ್ನು ಓದಿದ ದಿನ ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ "ಕಾಪುವಿನಿಂದ 6 ತಂದೆ" ಎಂಬ ಸಾಲುಗಳನ್ನು ಬೇರೆ ಕಣ್ಣಿನಿಂದ ನೋಡಿದೆ.

ತೊಟ್ಟಿಯ ಗುಟ್ಟನ್ನು ಅರ್ಧದಷ್ಟು ಹಿಡಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಮೊದಲು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದವನು, ಹುಚ್ಚಿನ ಕಾಲದಲ್ಲಿ ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟ. ಅಂಗಡಿ ಉಳಿಯಲಿಲ್ಲ. ಆದರೆ 1864ರಲ್ಲಿ ಹ್ಯಾಂಬರ್ಗ್, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್, ಎರಡೂ ಕಡೆಯ ದೊಡ್ಡ ಅಕ್ವೇರಿಯಂಗಳ ಹಿಂದೆ ಇವನಿದ್ದ. ಇವನ ಪದ್ಧತಿ ನೋಡಿ: ಜನ ನೋಡುವ ತೊಟ್ಟಿಗಳಲ್ಲಿರುವ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ನೀರನ್ನು ನೆಲದಡಿಯ ಕತ್ತಲೆ ಟ್ಯಾಂಕಿನಲ್ಲಿಟ್ಟು, ಹಗಲೂ ರಾತ್ರಿ ಪಂಪ್ ಮಾಡಿ ಸುತ್ತಿಸುವುದು. ನೀರು ಬದಲಿಸುವುದಲ್ಲ, ಸುತ್ತಿಸುವುದು. ಹಳೆಯ ನೀರೇ ಒಳ್ಳೆಯ ನೀರು ಅಂತ ಅವನು ಕಂಡುಕೊಂಡಿದ್ದ. ಯಾಕೆ ಒಳ್ಳೆಯದು ಅನ್ನುವುದಕ್ಕೆ ಉತ್ತರ ಕೊಡುವ ವಿಜ್ಞಾನ ಆಗ ಹುಟ್ಟಿರಲಿಲ್ಲ.

ನಮ್ಮ ದೇಶಕ್ಕೆ ಬಂದರೆ, 1909ರಲ್ಲಿ ಮದ್ರಾಸಿನ ಮರೀನಾ ತೀರದಲ್ಲಿ ಕಡಲ ಮೀನುಗಳ ಅಕ್ವೇರಿಯಂ ತೆರೆಯಿತು. ಅದರ ಹಿಂದಿದ್ದವನು ಎಡ್ಗರ್ ಥರ್ಸ್ಟನ್. ಹೌದು, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳನ್ನು ಬರೆದ ಅದೇ ಥರ್ಸ್ಟನ್. 1951ರಲ್ಲಿ ಮುಂಬಯಿಯ ತಾರಾಪೋರ್‌ವಾಲಾ ಅಕ್ವೇರಿಯಂ ಬಂತು. ಎರಡೂ ಕಡಲ ದಂಡೆಯಲ್ಲೇ ಇದ್ದವು. ಮನೆಯೊಳಗೆ ಕಡಲು ಇಡುವವನ ತಲೆನೋವು ಬೇರೆಯೇ.

ಈಗ ಗುಟ್ಟಿಗೆ ಬರೋಣ. ಮೀನು ನೀರಿಗೆ ಬಿಡುವುದು ಇಂಗಾಲಾಮ್ಲ ಒಂದನ್ನೇ ಅಲ್ಲ, ಅಮೋನಿಯಾವನ್ನೂ ಬಿಡುತ್ತದೆ, ಮುಖ್ಯವಾಗಿ ಕಿವಿರುಗಳ ಮೂಲಕ. ಅದು ವಿಷ. ಮರಳು, ಕಲ್ಲು, ಗಾಜು ಎಲ್ಲದರ ಮೇಲೂ ಲೋಳೆಯಂತೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಗುಂಪು ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಇಂಥ ಬ್ಯಾಕ್ಟೀರಿಯಾಗಳನ್ನು ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ, ಅದೂ ಮಣ್ಣಿನಲ್ಲಿ. ಲಾಯ್ಡ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಮೀನು ಸಾಕುವವರಿಗೆ ಇದು ಪೂರ್ತಿ ತಲುಪಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. 1950ರ ದಶಕದಲ್ಲಿ ಫ್ಲಾರಿಡಾದ ರಾಬರ್ಟ್ ಸ್ಟ್ರಾನ್ ಮರಳಿನಡಿ ತೂತಿನ ಹಲಗೆ ಇಟ್ಟು, ಗಾಳಿಗುಳ್ಳೆಗಳ ಬಲದಿಂದ ನೀರು ಮರಳಿನ ಮೂಲಕ ಇಳಿಯುವಂತೆ ಮಾಡುವ ಪದ್ಧತಿಯನ್ನು ಉಪ್ಪುನೀರಿಗೂ ತಂದ. 1961ರಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್, ಕಡಲಿನಿಂದ ತಂದ ಜೀವಂತ ಕಲ್ಲುಗಳು ಮತ್ತು ಗಾಳಿಗುಳ್ಳೆ, ಇಷ್ಟರಿಂದಲೇ ಹವಳ ಸಾಕಬಹುದು ಅಂತ ಬರೆದ. ಆ್ಯನಾ 1847ರಲ್ಲಿ ತರಿಸಿದ್ದ ಪಾಚಿಗಲ್ಲು ನೆನಪಾಯಿತಾ? 1970ರಲ್ಲಿ ಸ್ಟೀಫನ್ ಸ್ಪಾಟ್ ತನ್ನ ಪುಸ್ತಕದಲ್ಲಿ ಇದರ ಹಿಂದಿನ ರಸಾಯನವನ್ನು ಬಿಡಿಸಿ ಹೇಳಿದ. ಅದಾದ ಮೇಲೂ ತೊಟ್ಟಿಯಲ್ಲಿ ನೈಟ್ರೈಟ್ ತಿನ್ನುವುದು ನೈಟ್ರೊಬ್ಯಾಕ್ಟರ್ ಅಂತಲೇ ಎಲ್ಲರೂ ಹೇಳುತ್ತಿದ್ದರು. ಅಲ್ಲ, ನೈಟ್ರೊಸ್ಪೈರಾ ಅಂತ ಟಿಮತಿ ಹೊವಾನೆಕ್ ಮತ್ತು ಸಂಗಡಿಗರು ತೋರಿಸಿದ್ದು 1998ರಲ್ಲಿ.

ಚಿಕ್ಕಪ್ಪನ ತೊಟ್ಟಿಯಲ್ಲಿದ್ದ ತೂತಿನ ಹಲಗೆ ಸ್ಟ್ರಾನ್‌ನ ಹಲಗೆಯೇ! ಅಂಗಡಿಯವರು ಕೊಟ್ಟಿರಬೇಕು, ಯಾಕೆ ಅಂತ ಹೇಳಿರಲಿಕ್ಕಿಲ್ಲ. ಚಿಕ್ಕಪ್ಪ ಅದನ್ನು ಕಸ ಕೂರದಿರಲು ಇಟ್ಟ ಹಲಗೆ ಅಂದುಕೊಂಡು ಪ್ರತಿ ಭಾನುವಾರ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಮರಳನ್ನೂ ಹಲಗೆಯನ್ನೂ ಉಜ್ಜಿ ಉಜ್ಜಿ ತೊಳೆದಿದ್ದಾರೆ. ವಾರವಿಡೀ ಬೆಳೆದ ಬ್ಯಾಕ್ಟೀರಿಯಾ ಭಾನುವಾರ ಚರಂಡಿಗೆ. ಸೋಮವಾರ ಅಮೋನಿಯಾ ಏರತೊಡಗುತ್ತದೆ. ಕಡಲ ನೀರು ಕ್ಷಾರೀಯ, ಅದರಲ್ಲಿ ಅಮೋನಿಯಾದ ವಿಷದ ರೂಪ ಸಿಹಿನೀರಿಗಿಂತ ಹೆಚ್ಚು. ಸಾಲದ್ದಕ್ಕೆ ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ಮಂಗಳವಾರ, ಬುಧವಾರ ಮೀನು ಸಾಯುತ್ತದೆ. ಕಣ್ಣಿಗೆ ನೀರು ಕನ್ನಡಿಯ ಹಾಗೇ ಇರುತ್ತದೆ. ಚಿಕ್ಕಪ್ಪ ನೋಟ್‌ಬುಕ್ಕಿನಲ್ಲಿ ವಾರವನ್ನೂ ಬರೆದಿಟ್ಟಿದ್ದಾರೆ, ನಾನು ಪೆನ್ಸಿಲ್‌ನಲ್ಲಿ ಗೆರೆ ಎಳೆದು ನೋಡಿದೆ. ಸಾವುಗಳ ಬಹುಪಾಲು ಆ ಎರಡು ದಿನಗಳಲ್ಲೇ. ಒಂದು ಭಾನುವಾರ ಯಾರದೋ ಮದುವೆಗೆ ಹೋಗಿ ತೊಳೆದಿಲ್ಲ. ಆ ವಾರ ಒಂದೂ ಸತ್ತಿಲ್ಲ. ಇದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಜೂನ್ ಕೊನೆಯ ಸಾವುಗಳಿಗೆ ಇನ್ನೊಂದು ಕಾರಣವೂ ಸೇರಿರಬೇಕು. "ಜೂ. 25, ಭಾನು. ನೀರು ಕೆಂಪು. ಸೋಸಿ ಹಾಕಿದೆ." ಮಳೆಗಾಲ. ನೇತ್ರಾವತಿ, ಫಲ್ಗುಣಿ ಸೇರುವ ಅಳಿವೆ ಅಲ್ಲಿಂದ ಬಹಳ ದೂರವಲ್ಲ. ಆ ಹೊತ್ತಿಗೆ ದಂಡೆಯ ನೀರಿನಲ್ಲಿ ಉಪ್ಪು ಎಷ್ಟೋ ಕಡಿಮೆಯಾಗಿರುತ್ತದೆ. ಕೆಂಪನ್ನು ಬಟ್ಟೆಯಲ್ಲಿ ಸೋಸಬಹುದು, ಕಡಿಮೆಯಾದ ಉಪ್ಪನ್ನಲ್ಲ.

ತೊಟ್ಟಿ ರಿಪೇರಿಯ ಕತೆ ಚಿಕ್ಕದಾಗಿ ಹೇಳುತ್ತೇನೆ. ಕಬ್ಬಿಣದ ಚೌಕಟ್ಟು ಉಪ್ಪುನೀರಿಗೆ ಲಾಯಕ್ಕಲ್ಲ, ಎಸೆದೆ. ಗಾಜುಗಳನ್ನು ಬಿಡಿಸಿ, ವಿನೆಗರ್ ಹಚ್ಚಿ ಸುಣ್ಣದ ಕರೆ ತೆಗೆದು, ಬ್ಲೇಡಿನಿಂದ ಪುಟ್ಟಿ ಕೆರೆದು, ಸಿಲಿಕೋನ್ ಹಾಕಿ ಮತ್ತೆ ಅಂಟಿಸಿದೆ. (ಫಂಗಸ್ ನಿರೋಧಕ ಬೆರೆಸಿದ ಸ್ನಾನದ ಮನೆಯ ಸಿಲಿಕೋನ್ ಬೇಡ, ಅದು ಜೀವಿಗಳಿಗೆ ವಿಷ.) ಬಾಲ್ಕನಿಯಲ್ಲಿಟ್ಟು ಎರಡು ದಿನ ಸಿಹಿನೀರು ತುಂಬಿ ನೋಡಿದೆ. ಮೊದಲ ಸಲ ಒಂದು ಮೂಲೆ ಸೋರಿ ಕೆಳಗಿನ ಮನೆಯವರ ಒಣಹಾಕಿದ ಹಪ್ಪಳ ಒದ್ದೆಯಾಯಿತು. ಅದು ಬೇರೆಯೇ ಪ್ರಬಂಧ :) ಹಳೆ ಮರಳನ್ನು ಉಳಿಸಿಕೊಳ್ಳುವ ಆಸೆ ಇತ್ತು. ಆದರೆ ನೋಟ್‌ಬುಕ್ಕಿನಲ್ಲಿ ಒಂದು ಕಡೆ ಮೈಲುತುತ್ತು ಹಾಕಿದ್ದು ಬರೆದಿದೆ. ಕಪ್ಪೆಚಿಪ್ಪಿನ ಚೂರಿರುವ ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡಬಹುದು, ಏಡಿ ಸಿಗಡಿಗಳಿಗೆ ಅದು ಮೃತ್ಯು. ಮನಸ್ಸಿಲ್ಲದೆ ಬಿಟ್ಟೆ.

ಹವಳದ ತುಂಡುಗಳ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಯಿತು. 2001ರಲ್ಲಿ ಎಲ್ಲ ಕಲ್ಲು ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ, ಹುಲಿಯ ಸಾಲಿಗೆ, ಸೇರಿಸಿದರು. ಚಿಕ್ಕಪ್ಪ ಕೊಂಡಾಗ ಅವು ಅಂಗಡಿಯ ಷೋಕಿ ವಸ್ತು. "ಯಾರು ನೋಡ್ತಾರೆ, ಒಳಗಿಡಿ" ಅಂದರು ಮನೆಯವರು. ಗಾಸ್‌ನ ಹೊಂಡಗಳ ಕತೆ ಓದಿದ ಮೇಲೆ ನನಗೆ ಅದು ಆಗಲಿಲ್ಲ. ಒಂದು ಪತ್ರ ಬರೆದು ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಪ್ಪಿಸಿ ಬಂದೆ. ನನ್ನ ತೊಟ್ಟಿಯಲ್ಲಿರುವುದು ಸುಟ್ಟ ಮಣ್ಣಿನ ಕೃತಕ ಬಂಡೆಗಳು, ಚಿಕ್ಕ ಚಿಕ್ಕ ರಂಧ್ರಗಳಿರುವಂಥವು. ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕು.

ನೀರು ಸುಮಾರು 150 ಲೀಟರ್, ಆರ್‌ಓ ನೀರು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಐದು ಕಿಲೋಗೂ ಹೆಚ್ಚು ಉಪ್ಪು. ಒಂದು ಹನಿ ಮೀನಿಲ್ಲದೆ, ಅಳತೆ ಮಾಡಿ ಅಮೋನಿಯಾ ಹಾಕಿ, ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಬೆರೆಸಿ ಕಾಯುವುದು. ಮೂರನೇ ವಾರ ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು. ಈಗ ಐದನೇ ವಾರ, ನೈಟ್ರೈಟ್ ಇಳಿಯುತ್ತಿದೆ. ಗಾಜಿನ ಮೇಲೆ ಕಂದು ಬಣ್ಣದ ಪಾಚಿ ಕಟ್ಟಿದೆ, ನೋಡಲು ಕೊಳಕಾಗಿದೆ, ಒರೆಸಿಲ್ಲ. ಮುಂದೆ ಬರುವುದು ಕ್ಲೌನ್‌ಫಿಶ್ ಜೋಡಿ. ಅವನ್ನು ಕಡಲಿನಿಂದ ಹಿಡಿಯಬೇಕಾಗಿಲ್ಲ, ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೂ ರೂಪಿಸಿದ್ದಾರೆ.

ಕಳೆದ ವಾರ ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬ್ಯಾಕ್ಟೀರಿಯಾ, ಹಲಗೆ, ಭಾನುವಾರ, ಮಂಗಳವಾರ. ಕೈಗುಣದ ಮಾತೇ ಅಲ್ಲ ಚಿಕ್ಕಮ್ಮ, ತೊಳೆದದ್ದು ಹೆಚ್ಚಾಯಿತು ಅಷ್ಟೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ತೊಳೀಲಿಕ್ಕೆ ಹೇಳ್ತಾ ಇದ್ದದ್ದು ನಾನೇ ಅಲ್ವಾ ಮಾರಾಯ. ಮನೆಯಿಡೀ ಮೀನು ವಾಸನೆ ಅಂತ" ಅಂದರು. ಏನು ಹೇಳುವುದೆಂದು ಗೊತ್ತಾಗದೆ ನಾನು ನೈಟ್ರೈಟ್ ಬಗ್ಗೆ ಮತ್ತೆ ಏನೋ ಶುರು ಮಾಡಿದೆ.

ನಿನ್ನೆ ಅವರೇ ಫೋನ್ ಮಾಡಿದ್ದರು. "ಮೀನು ಬಂತಾ?"

"ಇನ್ನೂ ಇಲ್ಲ, ಇನ್ನೊಂದು ಹತ್ತು ದಿನ."

"ಬಂದ ಮೇಲೆ ಫೋಟೋ ಕಳಿಸು. ಗಾಜು ಒರೆಸಬೇಡ."